ಚೀಲಕ್ಕೆ ಹತ್ತಿದ ವಾಸನೆ

ಗಂಡುಬೆಕ್ಕು ಪೈಲ್ವಾನ ಮೊದಲು ಭೀಮವ್ವನ ಬುತ್ತಿಗಂಟನ್ನು ಮೂಸಿತು. ವಿಶೇಷವೇನೂ ಇಲ್ಲವೆಂಬಂತೆ ಮುಂದಿನ ಕುರ್ಚಿಯ ಕಡೆ ನಡೆಯಿತು.

ದೇವಕಮ್ಮ ಅಡುಗೆಮನೆಯ ಕದದ ಮರೆಯಲ್ಲಿ ನಿಂತಿದ್ದಳು. ಪಡಸಾಲೆಯ ಮೂರು ಕುರ್ಚಿಗಳನ್ನು ಅವಳೇ ಸಾಬೂನು ನೀರಿನಲ್ಲಿ ತಿಕ್ಕಿ, ಬಿಸಿಲಿಗಿಟ್ಟು ಒಣಗಿಸಿ, ದೂರ ದೂರ ಇಟ್ಟಿದ್ದಳು. ಒಂದರ ಮೇಲೆ ಭೀಮವ್ವನ ಗಂಟು. ಇನ್ನೊಂದರ ಮೇಲೆ ತನ್ನ ಕೈಚೀಲ. ಗೋಡೆಯ ಬದಿಯ ಕುರ್ಚಿಯ ಮೇಲೆ ಗಂಡ ಚಂದ್ರಾಮಪ್ಪನ ಖಾದಿ ಚೀಲ.

ಅವಳ ಕೈಚೀಲಕ್ಕೆ ಪೈಲ್ವಾನ ಗಲ್ಲ ಉಜ್ಜಿತು. ಮನೆಯವಳ ವಾಸನೆ, ಗೊತ್ತಿರುವ ವಾಸನೆ.

ಮೂರನೆಯ ಕುರ್ಚಿಯ ಬಳಿ ಬಂದದ್ದೇ ನಿಂತುಬಿಟ್ಟಿತು. ಬಾಯಿ ಅರ್ಧ ತೆರೆದು ಗಾಳಿಯ ರುಚಿ ನೋಡಿತು. ಬೆನ್ನ ಮೇಲಿನ ಕಪ್ಪು ಕೂದಲು ನಿಮಿರಿತು. ಮೆಲ್ಲಗೆ ಹಿಂದುಮುಂದಾಗಿ ತಿರುಗಿ, ಬಾಲವನ್ನು ನೆಟ್ಟಗೆ ಎತ್ತಿ, ಅದರ ತುದಿ ನಡುಗಿಸಿತು.

ಚಿರ್ರೆಂದು ಚಿಮ್ಮಿದ ಮೂತ್ರ ಚೀಲದ ಹೊಟ್ಟೆಗೆ ಬಡಿದು ಕುರ್ಚಿಯ ಕಾಲಿನಗುಂಟ ಇಳಿಯಿತು. ಆ ಘಾಟು ಪಡಸಾಲೆಯನ್ನು ತುಂಬಿತು.

"ಬಾಯಾರ, ನಿಮ್ಮ ಬೆಕ್ಕು ಸಾಹೇಬ್ರ ಚೀಲಕ್ಕ ಹೊಯ್ತಲ್ರೀ!" ಕಟ್ಟೆಯ ಮೇಲೆ ಕುಳಿತಿದ್ದ ಭೀಮವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಹೂಂ. ನೋಡಿನಿ."

ಆ ದನಿ ತನ್ನದೇ ಎಂದು ದೇವಕಮ್ಮನಿಗೆ ಅನಿಸಲಿಲ್ಲ. ಪೊಲೀಸ್ ಇಲಾಖೆಯಲ್ಲಿ ಇದ್ದಷ್ಟು ಕಾಲವೂ ಅವಳು ಬಯಸಿದ್ದು ಒಂದೇ, ತನ್ನ ಅನುಮಾನ ನಿಜವಾಗಲಿ ಎಂದು. ಇವತ್ತು ಮಾತ್ರ ಅದು ಸುಳ್ಳಾಗಲಿ ಎಂದು ಬೇಡಿಕೊಂಡಿದ್ದಳು.

ಭೀಮವ್ವನಿಗೆ ಇದೆಲ್ಲ ಗೊತ್ತಿರಲಿಲ್ಲ. ಅವಳ ಚಿಂತೆಯೇ ಬೇರೆ. ಅವಳ ಗಂಡ ಭಾಗಣ್ಣ, ಕಾಲುವೆಯಲ್ಲಿ ಬಲೆ ಬೀಸಿ ಹೊಟ್ಟೆ ಹೊರೆಯುತ್ತಿದ್ದವನು, ಈಗ ಕೊಲೆಯ ಆರೋಪ ಹೊತ್ತು ಜೈಲಿನಲ್ಲಿದ್ದ. ಹುಣಸಗಿಯ ಕಡೆಯ ಕಾಲುವೆ ಗೇಟು ಕಾಯುತ್ತಿದ್ದ ಬಾಲಪ್ಪನನ್ನು ನೀರಿಗೆ ನೂಕಿದವನು ಅವನೇ ಎಂದು ಪೊಲೀಸರು ಬರೆದಿದ್ದರು. ಬಾಲಪ್ಪ ಒಮ್ಮೆ ಅವನ ಬಲೆ ಹರಿದುಹಾಕಿದ್ದ. ಇಬ್ಬರೂ ಬಾಯಿಗೆ ಬಂದಂತೆ ಬೈದಾಡಿದ್ದನ್ನು ಊರೇ ಕೇಳಿತ್ತು. ಹೆಣ ಸಿಕ್ಕ ಕಡೆ ಭಾಗಣ್ಣನ ಬಲೆಯೂ ಸಿಕ್ಕಿತು. ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಇಲಾಖೆಯಿಂದ ನಿವೃತ್ತಳಾದ ದೇವಕಮ್ಮನೇ ಇನ್ನು ದಿಕ್ಕೆಂದು ಭೀಮವ್ವ ಅವಳ ಬಾಗಿಲಿಗೆ ಬರುತ್ತಿದ್ದಳು.

ಆ ಸಂಜೆ ಬಾಲಪ್ಪನ ಜೊತೆ ಗೇಟಿನ ಹತ್ತಿರ ನಿಜಕ್ಕೂ ಯಾರಿದ್ದರು ಎಂದು ಹೇಳಬಲ್ಲವಳು ಒಬ್ಬಳೇ. ಗೇಟಿನ ಎದುರು ಚಹಾದ ಅಂಗಡಿ ಇಟ್ಟಿದ್ದ ಮುನ್ನಿಬೀ. ಹೆಣ ಸಿಕ್ಕ ಮರುದಿನವೇ ಅವಳು ಒಲೆ ಆರಿಸಿ, ಅಂಗಡಿಗೆ ಚಿಲಕ ಹಾಕಿ ಮಾಯವಾಗಿದ್ದಳು. ಅವಳ ಜೊತೆಗೆ ಅವಳ ಬೆಕ್ಕೂ ಮಾಯವಾಗಿತ್ತು. ಅಂಗಡಿಯ ಬೆಂಚಿನ ಮೇಲೆ ಗಿರಾಕಿಗಳಿಗೆ ಜಾಗ ಬಿಡದೆ ಮಲಗುತ್ತಿದ್ದ, ಕಿವಿ ಹರಿದ, ಕೆಂಚು ಬಣ್ಣದ ದೊಡ್ಡ ಗಂಡುಬೆಕ್ಕು. ನವಾಬ ಅಂತ ಅದರ ಹೆಸರು.

"ಮುನ್ನಿಬೀ ಸುದ್ದಿ ಏನರ ಬಂತೇನ್ರೀ?" ಭೀಮವ್ವ ಪ್ರತಿ ಸಲದಂತೆ ಕೇಳಿದಳು.

ದೇವಕಮ್ಮ ಪ್ರತಿ ಸಲ 'ಇಲ್ಲ' ಎನ್ನುತ್ತಿದ್ದಳು. ಇವತ್ತು ಅವಳ ಕಣ್ಣು ಒದ್ದೆಯಾದ ಚೀಲದ ಮೇಲಿತ್ತು.

"ಇವತ್ತು ನೀ ಊರಿಗಿ ಹೋಗು, ಭೀಮವ್ವ. ನಾನ ಹೇಳಿ ಕಳಸ್ತೀನಿ."

"ಅಂದ್ರ ಸಿಕ್ಕಾಳೇನ್ರೀ?"

"ಹೋಗಂದೆನಲ್ಲ. ಹೋಗು."

ಅಷ್ಟು ಒರಟಾಗಿ ದೇವಕಮ್ಮ ಅವಳೊಂದಿಗೆ ಎಂದೂ ಮಾತಾಡಿರಲಿಲ್ಲ. ಭೀಮವ್ವ ಗಂಟು ಎತ್ತಿಕೊಂಡು, ಎರಡು ಸಲ ತಿರುಗಿ ನೋಡುತ್ತ ಓಣಿ ದಾಟಿದಳು.

* * *

ಶಹಾಪುರದ ಆ ಮನೆಯಲ್ಲಿ ನಾಲ್ಕು ಬೆಕ್ಕುಗಳಿದ್ದವು. ಪೈಲ್ವಾನ, ಬೆಳ್ಳಿ, ಕಾಲು ಸೊಟ್ಟಗಿದ್ದ ಕುಂಟಿ, ಮತ್ತೆ ಈಚೆಗೆ ಸೇರಿಕೊಂಡ ಮರಿ ಚೋಟು. ಮಕ್ಕಳಿಲ್ಲದ ಮನೆ ಎಂದು ಓಣಿಯವರು ಅನ್ನುವುದನ್ನು ನಿಲ್ಲಿಸಿದ್ದೇ ಈ ಬೆಕ್ಕುಗಳ ಗದ್ದಲದಿಂದ.

ಅಚ್ಚುಕಟ್ಟಾಗಿ ಹಿತ್ತಲ ಉಸುಕಿಗೆ ಹೋಗಿ ಬರುತ್ತಿದ್ದ ಬೆಕ್ಕುಗಳ ಮನೆಯಲ್ಲಿ ಇದ್ದಕ್ಕಿದ್ದಂತೆ ಗಬ್ಬು ಶುರುವಾಯಿತು. ಬಾಗಿಲ ಚೌಕಟ್ಟಿಗೆ, ಗೂಟಕ್ಕೆ ತೂಗುಹಾಕಿದ ಅಂಗಿಗೆ, ಗೋಡೆಯ ಬುಡಕ್ಕೆ ಯಾವುದೋ ಬೆಕ್ಕು ಮೂತ್ರ ಚಿಮ್ಮಿಸುತ್ತಿತ್ತು. ದೇವಕಮ್ಮ ಫಿನೈಲ್ ಹಾಕಿ ತೊಳೆದಳು. ಮರುದಿನ ಅಲ್ಲೇ ಮತ್ತೆ ಒದ್ದೆ. ಬೆಳ್ಳಿ, ಕುಂಟಿ ಎರಡೂ ಕಾರಣವಿಲ್ಲದೆ ಒಂದರ ಮೇಲೊಂದು ಬುಸುಗುಟ್ಟತೊಡಗಿದವು.

ಹೊಸದಾಗಿ ಬಂದದ್ದು ಚೋಟು. ಹಾಗಾಗಿ ತಪ್ಪೂ ಅದರದೇ ಎಂದು ಚಂದ್ರಾಮಪ್ಪ ತೀರ್ಪು ಕೊಟ್ಟಿದ್ದ. "ಅದನ್ನ ಯಾರಿಗರ ಕೊಟ್ಟುಬಿಡು ದೇವಕಿ. ಮನಿ ಮನಿಯಾಗಿ ಉಳೀಲಿ," ಎಂದಿದ್ದ. ಅವಳು ಇನ್ನೇನು ಕೊಟ್ಟೇಬಿಡುತ್ತಿದ್ದಳು. ಆದರೆ ಒಂದೊಂದೇ ಬೆಕ್ಕನ್ನು ಒಂದೊಂದು ದಿನ ಕೋಣೆಯಲ್ಲಿ ಕೂಡಿಹಾಕಿ ನೋಡಿದಾಗ, ಚೋಟು ಒಳಗಿದ್ದ ದಿನವೂ ಪಡಸಾಲೆ ನಾರಿತು. ಪೈಲ್ವಾನ ಒಳಗಿದ್ದ ದಿನ ನಾರಲಿಲ್ಲ.

ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದಳು. ಡಾಕ್ಟರ್ ಬಸವಂತರಾಯರು ಎತ್ತು, ಎಮ್ಮೆಗಳ ನಡುವೆ ಬೆಕ್ಕನ್ನು ಕಂಡು ನಕ್ಕರು. ಆಮೇಲೆ ಗಂಭೀರವಾಗಿ ಕೇಳಿದರು.

"ಕುಂತು ಹೊಯ್ತದೋ, ನಿಂತು ಸಿಡಸ್ತದೋ?"

"ನಿಂತು, ಗ್ವಾಡಿಗಿ."

"ಹಂಗಾದ್ರ ಇದು ರೋಗ ಅಲ್ರಿ. ಗುರ್ತು ಹಾಕೂದು. ಇದು ನನ್ನ ಜಾಗ, ಇಲ್ಲಿ ಬರಬ್ಯಾಡ ಅಂತ ಇನ್ನೊಂದು ಗಂಡುಬೆಕ್ಕಿಗಿ ಹೇಳೂದು. ಫಿನೈಲ್ ಹಾಕಬ್ಯಾಡ್ರಿ, ಅದರ ಘಾಟಿಗಿ ಮತ್ತಷ್ಟು ಕೆರಳ್ತದ. ಸಾಬೂನಿಲೆ ತೊಳೀರಿ, ಬಿಸಲಿಗಿ ಹಾಕ್ರಿ. ಬೆಕ್ಕಿಗೊಂದು ಉಸುಕಿನ ಬುಟ್ಟಿ ಬ್ಯಾರೆ ಬ್ಯಾರೆ ಇಡ್ರಿ, ಊಟದ ತಾಟೂ ಬ್ಯಾರೆ ಮಾಡ್ರಿ. ಆಪರೇಶನ್ ಮಾಡಿಸಿದ್ರಂತೂ ಭಾಳ ಕಡಿಮಿ ಆಗ್ತದ."

"ಆದ್ರ ನಮ್ಮ ಮನಿಗಿ ಇನ್ನೊಂದು ಗಂಡುಬೆಕ್ಕು ಬಂದೇ ಇಲ್ರಿ ಡಾಕ್ಟ್ರೇ. ಕಿಟಕಿ ಕಡೀನೂ ಬಂದಿಲ್ಲ. ನಾ ಕಾದು ನೋಡೀನಿ."

"ಬೆಕ್ಕು ಬರಬೇಕಂತ ಏನಿಲ್ಲ. ಅದರ ವಾಸನಿ ಬಂದ್ರೂ ಆತು. ನಿಮ್ಮ ಮನ್ಯಾಗ ಯಾರೋ ಬ್ಯಾರೆ ಬೆಕ್ಕಿನ ಸಂಗಾಟ ಕುಂತು ಎದ್ದು ಬರಾಕತ್ತಾರ. ಯಾರಂತ ನೋಡ್ರಿ."

ಯಾರಂತ ನೋಡಿದಳು. ಇವತ್ತು ನೋಡಿದಳು.

ಗಂಡ ಕ್ಷೌರಕ್ಕೆ ಹೋಗಿದ್ದ. ದೇವಕಮ್ಮ ಚೀಲವನ್ನು ಅಂಗಳಕ್ಕೆ ತಂದು, ಒಳಗಿನ ಬಟ್ಟೆಯನ್ನು ಹೊರಗೆ ತಿರುವಿದಳು. ಹೊಲಿಗೆಯ ಮೂಲೆಯಲ್ಲಿ ಕೂದಲು ಕಚ್ಚಿಕೊಂಡಿತ್ತು. ಒಂದೆರಡಲ್ಲ, ಚಿಟಿಕೆಯಲ್ಲಿ ಹಿಡಿಯುವಷ್ಟು. ಬಿಸಿಲಿಗೆ ಹಿಡಿದಳು.

ಕೆಂಚು ಕೂದಲು.

ಅವಳ ಬೆಕ್ಕುಗಳಲ್ಲಿ ಕೆಂಚು ಬಣ್ಣದ್ದು ಒಂದೂ ಇರಲಿಲ್ಲ.

* * *

ಚಂದ್ರಾಮಪ್ಪ ನುಣ್ಣಗೆ ಗಡ್ಡ ಬೋಳಿಸಿಕೊಂಡು, ಕೊರಳಿಗೆ ಪೌಡರ್ ಹಚ್ಚಿಕೊಂಡು ಬಂದ. ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದ ಮೇಲೂ ಅವನ ಶಿಸ್ತು ಹೋಗಿರಲಿಲ್ಲ. ಚಪ್ಪಲಿಯನ್ನು ಗೋಡೆಗೆ ಸರಿಯಾಗಿ ಜೋಡಿಸಿಟ್ಟ. ಊಟಕ್ಕೆ ಕುಳಿತ. ತಟ್ಟೆಯಲ್ಲಿ ರೊಟ್ಟಿ ಇರಲಿಲ್ಲ.

ಬಿಳಿ ಕರವಸ್ತ್ರ ಇತ್ತು. ಅದರ ಮೇಲೆ ಕೂದಲು.

"ಇದೇನು?"

"ನೀವು ಹೇಳ್ರಿ. ಕೇರಂ ಆಡಾಕ ಅಂತ ಭೀಮರಾಯನಗುಡಿಗಿ ಹೋಗ್ತೀರಲ್ಲ, ಯಾರ ಸಂಗಾಟ ಆಡ್ತೀರಿ?"

"ಯಾಕ, ಕಾಲುವಿ ಕ್ಯಾಂಪಿನ ಹಳೇ ದೋಸ್ತರ ಸಂಗಾಟ. ಗೊತ್ತಿಲ್ಲೇನು ನಿನಗ?"

"ದೋಸ್ತರಿಗಿ ಕೆಂಚು ಕೂದಲ ಅದಾವೇನು?"

ಅವನು ನಕ್ಕ. ನಗುವುದು ಒಂದು ಕ್ಷಣ ತಡವಾಯಿತು. ಅಷ್ಟು ತಡ ದೇವಕಮ್ಮನಿಗೆ ಸಾಕಾಗಿತ್ತು.

"ಹಾದ್ಯಾಗ ಯಾವುದೋ ಬೆಕ್ಕು ಮೈ ತಿಕ್ಕಿರಬೇಕು."

"ಹಾದಿ ಬೆಕ್ಕು ಚೀಲದ ಹೊರಗ ತಿಕ್ಕತದ. ಇದು ಒಳಗ ಮಲಗೇದ. ಚೀಲ ಬಿಚ್ಚಿಟ್ಟು, ಸಾವಕಾಶ ಕುಂತು ಮಾತಾಡೂವಂಥ ಮನ್ಯಾಗ ಮಲಗೇದ. ಮತ್ತ ಮತ್ತ ಮಲಗೇದ. ನೀವು ಹೋಗಿ ಬಂದ ದಿನಾನ ಪೈಲ್ವಾನ ಮನೀ ತುಂಬ ಸಿಡಸ್ತದ."

"ಬೆಕ್ಕಿನ ಉಚ್ಚಿ ಹಿಡದು ಗಂಡನ್ನ ತಪಾಸಣಿ ಮಾಡಾಕತ್ತಿಯೇನು?"

"ಮುನ್ನಿಬೀ ಎಲ್ಲಿದ್ದಾಳ?"

ಚೋಟು ಬಂದು ಅವನ ಪಾದ ಮೂಸಿ, ದೂರ ಸರಿಯಿತು.

ದೇವಕಮ್ಮ ಮುನ್ನಿಬೀಗಾಗಿ ಅಲೆಯದ ಊರಿರಲಿಲ್ಲ. ಯಾದಗಿರಿಯ ರೈಲು ನಿಲ್ದಾಣದಲ್ಲಿ ಚಹಾ ಮಾರುವವರನ್ನೆಲ್ಲ ಕೇಳಿದ್ದಳು. ಸುರಪುರದ ಓಣಿಗಳಲ್ಲಿ, ಹುಣಸಗಿಯ ಸಂತೆಯಲ್ಲಿ, ದರ್ಗಾದ ಮೆಟ್ಟಿಲ ಮೇಲೆ ಹುಡುಕಿದ್ದಳು. ಧೂಳು ಮೆತ್ತಿದ ಕಾಲಿನಲ್ಲಿ ಮನೆಗೆ ಬಂದಾಗ ಇದೇ ಗಂಡ ಬಚ್ಚಲಿನಿಂದ ಬಿಸಿನೀರು ತಂದುಕೊಟ್ಟು, ಅಷ್ಟೇ ಮೃದುವಾಗಿ ಕೇಳುತ್ತಿದ್ದ: "ಸಿಕ್ಕಳೇನು?"

ಅದೊಂದು ಮಾತು ಈಗ ಅವಳ ಎದೆಯಲ್ಲಿ ಸುಟ್ಟಿತು. ಅವನು ಸುಳ್ಳು ಹೇಳಿದ್ದನ್ನಾದರೂ ಸಹಿಸಬಹುದಿತ್ತು. ಆ ಬಿಸಿನೀರನ್ನು ಹೇಗೆ ಸಹಿಸುವುದು?

"ನಾ ದಿನಾ ಹುಡುಕಿ ಬರತಿದ್ದೆ. ನೀವು ದಿನಾ ಕೇಳತಿದ್ರಿ, ಸಿಕ್ಕಳೇನು ಅಂತ. ಹ್ಯಾಂಗ ಬಾಯಿ ಬಂತ್ರೀ ನಿಮಗ?"

ಚಂದ್ರಾಮಪ್ಪ ತಲೆ ತಗ್ಗಿಸಿದ. ಕರವಸ್ತ್ರದ ಅಂಚನ್ನು ಮಡಚಿದ, ಬಿಚ್ಚಿದ. ಕೊನೆಗೆ ಹೇಳಿದ.

"ನಿನ್ನ ಸಲುವಾಗಿ ಮಾಡೀನಿ, ದೇವಕಿ."

"ನನ್ನ ಸಲುವಾಗಿ?"

"ಅಕಿ ಆವತ್ತು ಸಂಜಿಕಿ ನೋಡ್ಯಾಳ. ಬಾಲಪ್ಪನ ಸಂಗಾಟ ಗೇಟಿನ ಮ್ಯಾಲ ಇದ್ದಾವ ಯಾರಂತ ನೋಡ್ಯಾಳ."

"ಯಾರು?"

"ಕೇಳಬ್ಯಾಡ."

"ಯಾರ್ರೀ?"

"ಅಂಬ್ರಪ್ಪ. ನಿನ್ನ ತಮ್ಮ."

ದೇವಕಮ್ಮ ಗೋಡೆಗೆ ಕೈ ಊರಿದಳು. ಅಂಗೈಗೆ ಇನ್ನೂ ಒಣಗದ ಸಾಬೂನಿನ ಜಿಡ್ಡು ಹತ್ತಿತು.

ತಾಯಿ ಸತ್ತಾಗ ಅಂಬ್ರಪ್ಪನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವಳು ಕೂಲಿಗೆ ಹೋಗಿ, ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿ ಬಿಡಿಸಿದ್ದಳು. ಪೊಲೀಸ್ ನೌಕರಿ ಸಿಕ್ಕ ಮೇಲೆ ಅವನನ್ನು ಐಟಿಐ ಓದಿಸಿದಳು. ಈಗ ಅವನು ಹುಣಸಗಿಯಲ್ಲಿ ಪಂಪಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಹಬ್ಬಕ್ಕೆ ಅಕ್ಕನಿಗೆ ಸೀರೆ ತರುವುದನ್ನು ಒಂದು ವರ್ಷವೂ ಮರೆತವನಲ್ಲ.

"ಸುಳ್ಳು," ಎಂದಳು.

"ನಾನೂ ಹಂಗ ಅಂದೆ. ಆದ್ರ ಕಾಲುವಿಗಿ ಕದ್ದು ಪಂಪ್ ಹಚ್ಚೂ ರೈತರಿಗಿ ಮಶೀನ್ ಕೊಡಾವ ಯಾರು? ಆ ಪಂಪ್ ಹಿಡದು ಪೈಪ್ ಜಪ್ತಿ ಮಾಡತಿದ್ದಾವ ಯಾರು? ಬಾಲಪ್ಪ. ಇಬ್ಬರಿಗೂ ಭಾಳ ದಿನದಿಂದ ಜಗಳ ಇತ್ತು. ನಿನಗ ಹೇಳಿರಲಿಲ್ಲ, ಅಷ್ಟೇ. ಮುನ್ನಿಬೀ ಹೆದರಿ ಮನಿತನಕ ಬಂದಿದ್ದಳು, ನೀ ಗುಲ್ಬರ್ಗಾಕ್ಕ ಹೋಗಿದ್ದಿ. ಅಕಿ ಬಾಯಿಂದ ಆ ಹೆಸರು ಕೇಳಿ ನನ್ನ ಕೈಕಾಲು ತಣ್ಣಗಾದವು. ನೀ ನಿನ್ನ ತಮ್ಮನ್ನ ನೀನ ಹಿಡದು ಕೊಡೂದು ನನಗ ನೋಡಾಕ ಆಗತಿರಲಿಲ್ಲ."

"ಭಾಗಣ್ಣ ಜೈಲಿನ್ಯಾಗ ಕೊಳ್ಯಾಕತ್ತಾನಲ್ಲ, ಅದು ನೋಡಾಕ ಆತೇನ್ರೀ?"

ಅವನು ಮುಖ ಎತ್ತಿದ. ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅವನ ಕಣ್ಣೀರು ನೋಡಿದ್ದು ಅಪರೂಪ.

"ಮುನ್ನಿಬೀ ಎಲ್ಲಿದ್ದಾಳ, ಹೇಳ್ರಿ."

"ಹೇಳ್ತೀನಿ. ಆದ್ರ ಮೊದಲ ನನಗೊಂದು ಅವಕಾಶ ಕೊಡು. ನಾಳಿ ಮುಂಜಾನಿ ನಾನ ಹುಣಸಗಿಗಿ ಹೋಗ್ತೀನಿ. ಅಂಬ್ರಪ್ಪನ್ನ ಕರಕೊಂಡು ಸುರಪುರ ಠಾಣೆಕ್ಕ ಹೋಗ್ತೀನಿ. ಅವ ತಾನಾಗಿ ಒಪ್ಪಿಕೊಂಡ್ರ ಶಿಕ್ಷಾ ಕಡಿಮಿ ಆಗ್ತದ. ನೀ ಅವಗ ಬೇಡಿ ಹಾಕಬ್ಯಾಡ. ಅದೊಂದು ಪಾಪ ನಿನಗ ಬ್ಯಾಡ. ಅದಾದ ಮ್ಯಾಲ ಮುನ್ನಿಬೀನ್ನ ನಾನ ನಿನ್ನ ಮುಂದ ತಂದು ನಿಲ್ಲಸ್ತೀನಿ."

"ಅವ ನಿಮ್ಮ ಮಾತು ಕೇಳ್ತಾನೇನು?"

"ನೀ ಫೋನ್ ಮಾಡಿ ಹೇಳಿದ್ರ ಕೇಳ್ತಾನ. ಯಾಕ, ಏನು ಅಂತ ಮಾತ್ರ ಹೇಳಬ್ಯಾಡ. ಅಂಜಿ ಓಡಿ ಹೋದ್ರ ಎಲ್ಲಾ ಕೆಡ್ತದ."

ಆ ದಿನ ಒಲೆ ಹೊತ್ತಲಿಲ್ಲ. ದೇವಕಮ್ಮ ತನ್ನ ಹಾಸಿಗೆಯನ್ನು ಬೆಕ್ಕುಗಳ ಕೋಣೆಗೆ ಒಯ್ದಳು.

* * *

ಬೆಳಿಗ್ಗೆ ಅವಳೇ ಹುಣಸಗಿಗೆ ಫೋನ್ ಹಚ್ಚಿದಳು. ಅಂಗಡಿ ಆಗಷ್ಟೇ ತೆರೆದಿತ್ತು.

"ಜೈಭೀಮ್ ಅಕ್ಕಾ! ಏನ್ ಇಷ್ಟು ಲಗೂನ?"

ಆ ದನಿಯಲ್ಲಿ ಅಪರಾಧಿಯ ಸುಳಿವನ್ನು ಅವಳ ಕಿವಿ ಹುಡುಕಿತು. ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ಚೆನ್ನಾಗಿ ನಟಿಸುವುದನ್ನು ಯಾವಾಗ ಕಲಿತ ಇವನು? ನನ್ನ ಸುತ್ತ ಇದ್ದವರೆಲ್ಲ ನನ್ನೆದುರು ನಟಿಸಿಕೊಂಡೇ ಬದುಕಿದರೇ?

"ನಿನ್ನ ಭಾವ ಬರಾಕತ್ತಾರ. ಅವರು ಎಲ್ಲಿ ಕರದ್ರ ಅಲ್ಲಿ ಹೋಗು. ಹೇಳಿದಂಗ ಕೇಳು."

"ಯಾಕಕ್ಕಾ, ಏನಾತು? ನಿನಗ ಆರಾಮ ಇಲ್ಲೇನು?"

"ಒಂದೂ ಕೇಳಬ್ಯಾಡ. ನನ್ನ ಮ್ಯಾಲ ಏನರ ಮರ್ಯಾದಿ ಇದ್ರ, ಅವರ ಸಂಗಾಟ ಹೋಗು."

"ಆತಕ್ಕಾ. ನೀ ಹೇಳಿದ ಮ್ಯಾಲ ಆತು."

ಅವಳು ಫೋನ್ ಇಟ್ಟಳು. ಬಾಗಿಲಲ್ಲಿ ನಿಂತಿದ್ದ ಚಂದ್ರಾಮಪ್ಪ ಒಮ್ಮೆ ಅವಳ ಹೆಗಲು ಮುಟ್ಟಲು ಬಂದ. ಅವಳು ಸರಿದಳು. ಅವನು ಹೊರಟುಹೋದ.

ಅವನು ಓಣಿಯ ತಿರುವು ದಾಟಿದ ಮೇಲೆ ದೇವಕಮ್ಮ ಸುಮ್ಮನೆ ಕೂರಲಿಲ್ಲ. ಸಾಕ್ಷಿಯ ಮಾತನ್ನು ಸಾಕ್ಷಿಯ ಬಾಯಿಂದಲೇ ಕೇಳಬೇಕು ಎಂಬುದು ಅವಳ ಹಳೆಯ ಚಟ. ಗಂಡನೇ ಹೇಳಲಿ, ದೇವರೇ ಹೇಳಲಿ, ನಡುವಿನವರ ಮಾತಿಗೆ ಅವಳು ಎಂದೂ ಸಹಿ ಹಾಕಿದವಳಲ್ಲ. ಅದೂ ಅಲ್ಲದೆ, ಎಲ್ಲವನ್ನೂ ಒಪ್ಪಿಕೊಂಡವನು ಊರಿನ ಹೆಸರನ್ನು ಮಾತ್ರ ಯಾಕೆ ಮುಚ್ಚಿಟ್ಟ?

ಬಸ್ ನಿಲ್ದಾಣದಲ್ಲಿ ಹಣ್ಣು ಮಾರುವ ಹಜರಾಬೀಗೆ ಹೋಗಿಬರುವವರೆಲ್ಲ ಗೊತ್ತು.

"ನಮ್ಮನಿಯವ್ರು ಭೀಮರಾಯನಗುಡಿ ಬಸ್ಸು ಎಲ್ಲಿ ಹತ್ತತಾರ, ಹಜರಾಬೀ?"

"ಸಾಹೇಬ್ರಾ? ಅವರು ಆ ಬಸ್ಸು ಎಲ್ಲಿ ಹತ್ತತಾರ್ರೀ? ಶಿರವಾಳ ಬಸ್ಸಿಗಿ ಹೋಗ್ತಾರ. ನನ್ನ ಹತ್ರಾನ ಬಾಳೆಹಣ್ಣು ಒಯ್ತಾರ. ಗುಡಿಗಿ ಅಂತ ತಿಳ್ಕೊಂಡಿದ್ದೆ."

ಶಿರವಾಳದ ಬಸ್ಸು ಹೊರಡುವುದರಲ್ಲಿತ್ತು.

* * *

ಶಿರವಾಳದಲ್ಲಿ ಇಳಿದು, ಹಳೆಯ ಗುಡಿಗಳ ಸಾಲು ದಾಟಿ, ಊರೊಳಗೆ ನಡೆದಳು. ಯಾರ ಹೆಸರು ಹಿಡಿದು ಕೇಳುವುದು? ಮುನ್ನಿಬೀ ಇಲ್ಲಿ ಆ ಹೆಸರಿನಲ್ಲಿ ಇರಲಾರಳು.

ಒಂದು ಓಣಿಯ ಬಾಯಲ್ಲಿ ಮುದುಕಿಯೊಬ್ಬಳು ಹೊಸ್ತಿಲು ತಿಕ್ಕುತ್ತ, ಯಾರನ್ನೋ ಬಯ್ಯುತ್ತಿದ್ದಳು. ಗಾಳಿಯಲ್ಲಿ ಪರಿಚಿತ ಘಾಟು. ದೇವಕಮ್ಮ ನಿಂತಳು.

"ಏನಾತ್ರೀ ಅವ್ವಾ?"

"ಏನಂತ ಹೇಳ್ಲಿ ಯವ್ವಾ! ಈ ಓಣಿ ಬೆಕ್ಕಿಗೆಲ್ಲಾ ಹುಚ್ಚು ಹಿಡದದ. ತಲಬಾಗಿಲಕ್ಕ ಸಿಡಸ್ತಾವ, ಕಟ್ಟಿಗಿ ಸಿಡಸ್ತಾವ. ಎಲ್ಲಿಂದೋ ಒಂದು ದಾಂಡಿಗ ಬೆಕ್ಕು ಬಂದು ಸೇರೇದ, ಕಿವಿ ಹರದದ್ದು. ಅದು ಬಂದಾಗಿಂದ ದಿನಾ ಜಗಳ, ದಿನಾ ಗಬ್ಬು. ಹಿಂದ ಇಂಥಾದ್ದು ಇರಲಿಲ್ಲ."

"ಯಾರ ಮನೀದು?"

"ಯಾರಿಗಿ ಗೊತ್ತು? ಕಡೀ ಮನಿಗಿ ಯಾರೋ ಬಂದಾರ, ಹೊರಗ ಮಾರಿ ತೋರ್ಸಂಗಿಲ್ಲ."

ದೇವಕಮ್ಮ ಓಣಿಯಲ್ಲಿ ನಡೆದಳು. ಕದಗಳ ಬುಡದಲ್ಲಿ, ಕಲ್ಲಿನ ಕಟ್ಟೆಗಳ ಮೂಲೆಯಲ್ಲಿ ಹಳದಿ ಕಲೆಗಳು. ಮುಂದೆ ಹೋದಂತೆ ಅವು ಹೆಚ್ಚಾದವು. ಓಣಿಯ ಬೆಕ್ಕುಗಳೆಲ್ಲ ಸೇರಿ ಒಂದೇ ಮನೆಯ ಸುತ್ತ ಗಡಿ ಹಾಕಿದ್ದವು. ಕೊನೆಯ ಮನೆಯ ಗೋಡೆಯ ಮೇಲೆ ಕೆಂಚು ಬೆಕ್ಕು ಕಾಲು ಇಳಿಬಿಟ್ಟು ಮಲಗಿತ್ತು. ಹರಿದ ಕಿವಿ.

"ನವಾಬ," ಎಂದಳು ಮೆಲ್ಲಗೆ.

ಬೆಕ್ಕು ಒಂದು ಕಣ್ಣು ತೆರೆಯಿತು.

ಕದ ಬಡಿದಾಗ ಒಳಗೆ ಬಳೆಯ ಸದ್ದು ನಿಂತಿತು. "ಮುನ್ನಿಬೀ, ನಾ ದೇವಕಮ್ಮ."

ಅವಳು ಓಡಿಹೋಗಬಹುದು, ಕೂಗಬಹುದು ಎಂದು ದೇವಕಮ್ಮ ಸಿದ್ಧಳಾಗಿ ನಿಂತಿದ್ದಳು. ಕದ ಧಡಕ್ಕನೆ ತೆರೆಯಿತು. ಮುನ್ನಿಬೀ ಅವಳ ಎರಡೂ ಕೈ ಹಿಡಿದುಕೊಂಡಳು.

"ಯಾ ಅಲ್ಲಾ! ಬಂದ್ರೇನ್ರೀ ಬಾಯಾರ? ಎಷ್ಟು ದಿನ ಆತ್ರೀ ನಿಮ್ಮ ಹಾದಿ ನೋಡಿ. ನಾಳಿ ಬರ್ತಾರ, ನಾಡ್ದು ಬರ್ತಾರ ಅಂತ ಸಾಹೇಬ್ರು ಹೇಳಕೋತನ ಇದ್ರು."

"ನನ್ನ ಹಾದಿ ನೋಡತಿದ್ದಿ?"

"ಮತ್ತ? ನೀವ ಅಲ್ರೀ ನನ್ನ ಇಲ್ಲಿ ಇಡಸಿದಾವ್ರು? ಬಾಯಾರು ಹೇಳ್ಯಾರ, ಪೊಲೀಸ್ರು ನಿನ್ನ ಎಳಕೊಂಡು ಹೋಗ್ತಾರ, ಬಾಯಾರು ಬರೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಸಾಹೇಬ್ರು ಹೇಳಿದ್ರು. ನಿಮ್ಮ ಹೆಸರು ಕೇಳೇ ಬಂದೀನ್ರಿ. ಬ್ಯಾರೆ ಯಾರರ ಆಗಿದ್ರ ನಾ ಬರತಿದ್ದಿಲ್ಲ."

ದೇವಕಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ತನ್ನ ಹೆಸರನ್ನೇ ಬೀಗ ಮಾಡಿ ಗಂಡ ಈ ಮನೆಗೆ ಹಾಕಿದ್ದ. ಆದರೂ ಅದಕ್ಕೆ ಅವನು ಕಾರಣ ಹೇಳಿದ್ದನಲ್ಲ. ತಮ್ಮನ ಮೇಲಿನ ಮೋಹ. ಅದನ್ನಾದರೂ ಗಟ್ಟಿ ಮಾಡಿಕೊಳ್ಳಲು ಕೇಳಿದಳು.

"ನನ್ನ ತಮ್ಮ ಆವತ್ತು ಎಷ್ಟು ಹೊತ್ತಿಗಿ ಬಂದ, ಮುನ್ನಿಬೀ?"

"ಯಾರ್ರೀ?"

"ಅಂಬ್ರಪ್ಪ. ಹುಣಸಗ್ಯಾಗ ಪಂಪ್ ರಿಪೇರಿ ಮಾಡ್ತಾನಲ್ಲ."

"ಅವರನ್ನ ನಾ ನೋಡೇ ಇಲ್ರಿ. ನಿಮಗ ತಮ್ಮ ಅದಾರಂತಾನೂ ಗೊತ್ತಿಲ್ಲ."

"ಸರಿ ನೆನಪು ಮಾಡಿಕೋ. ಆವತ್ತು ಸಂಜಿಕಿ, ಗೇಟಿನ ಮ್ಯಾಲ, ಬಾಲಪ್ಪನ ಸಂಗಾಟ."

"ನೆನಪು ಮಾಡೂದೇನದ್ರೀ?" ಮುನ್ನಿಬೀ ಮುಗ್ಧವಾಗಿ ನಕ್ಕಳು. "ಬಾಲಪ್ಪನ ಸಂಗಾಟ ಇದ್ದಾವ್ರು ನಿಮ್ಮ ಸಾಹೇಬ್ರು. ಇಬ್ರೂ ನನ್ನ ಅಂಗಡ್ಯಾಗ ಚಾ ಕುಡದು, ಕದ್ದು ನೀರು ಬಿಟ್ಟ ರೊಕ್ಕದ ಲೆಕ್ಕ ಮಾತಾಡಕೋತ ಗೇಟಿನ ಕಡಿ ಹೋದ್ರು. ಆಮ್ಯಾಲ ಸಾಹೇಬ್ರು ಒಬ್ರೇ ಬಂದ್ರು. ಧೋತ್ರ ಮೊಳಕಾಲತನಕ ತೊಯ್ದಿತ್ತು. ಮೆಟ್ಟಲದಾಗ ಕಾಲು ಜಾರಿತು, ಬಾಲಪ್ಪ ಅಲ್ಲೇ ಕೆಲಸದಾಗ ಇದ್ದಾನ ಅಂದ್ರು. ಒಲಿ ಮುಂದ ಕುಂತು ಧೋತ್ರ ಆರಿಸ್ಕೊಂಡು ಹೋದ್ರು. ಭಾಗಣ್ಣ ಆ ಕಡಿ ಬಂದೇ ಇರಲಿಲ್ರಿ. ಅವನ ಬಲಿ ಹಗಲೆಲ್ಲ ಗೇಟಿನ ಕಂಬಕ್ಕ ಕಟ್ಟಿತ್ತು. ಸಾಹೇಬ್ರು ಇದೆಲ್ಲಾ ನಿಮಗ ಹೇಳ್ಯಾರಂತಲ್ರೀ?"

ನಿನ್ನೆ ಅವನ ಕಣ್ಣಲ್ಲಿ ಕಂಡ ನೀರು, 'ಅದೊಂದು ಪಾಪ ನಿನಗ ಬ್ಯಾಡ' ಎಂದ ಮಾತು, ಹೆಗಲು ಮುಟ್ಟಲು ಬಂದ ಕೈ. ಅವೆಲ್ಲ ಒಂದೊಂದಾಗಿ ದೇವಕಮ್ಮನ ಕಣ್ಣೆದುರೇ ಬೇರೆ ರೂಪ ತಾಳಿದವು.

ಅವಳು ಎದ್ದು ಓಡಿದಳು.

ಕಿರಾಣಿ ಅಂಗಡಿಯ ಫೋನಿನಲ್ಲಿ ಹುಣಸಗಿಯ ನಂಬರು ತಿರುವುವಾಗ ಬೆರಳು ಎರಡು ಸಲ ತಪ್ಪಿತು. ಗಂಟೆ ಹೊಡೆದೇ ಹೊಡೆಯಿತು. ಕೊನೆಗೆ ಪಕ್ಕದ ಗೊಬ್ಬರದ ಅಂಗಡಿಯವನು ಎತ್ತಿದ.

"ಅಂಬ್ರಪ್ಪನ್ನ ಕರೀರಿ! ಲಗೂನ ಕರೀರಿ!"

"ಅವ ಆಗಳೇ ಹೋದನಲ್ರೀ ಅಕ್ಕಾರ. ನಿಮ್ಮ ಮನಿಯವ್ರು ಬಂದಿದ್ರು."

"ಸುರಪುರ ಬಸ್ಸಿಗಿ ಹೋದ್ರೇನು? ಹೇಳ್ರಿ, ಬಸ್ಸಿಗಿ ಹೋದ್ರೇನು?"

"ಇಲ್ರಿ. ಇವನ ಲೂನಾ ಮ್ಯಾಲ ಇಬ್ರೂ ಕಾಲುವಿ ಹಾದಿ ಹಿಡದ್ರು, ಗೇಟಿನ ಕಡಿ. ಹೊಲದಾವರು ಪಂಪ್ ತಗೊಂಡು ಕಾಯ್ತಾ ಕುಂತಿದ್ರು, ಅಂಗಡಿ ಹಂಗೇ ಬಿಟ್ಟು ಎಲ್ಲಿಗಪ್ಪಾ ಅಂತ ನಾನೂ ಕೇಳಿದೆ. 'ನನಗೂ ಗೊತ್ತಿಲ್ಲ, ಅಕ್ಕ ಹೋಗಂದಾಳ' ಅಂದ."